ಕುರಿಮರಿಯ ಬೆನ್ನು ಹೇಳಿದ್ದು, ಹೇಳದೇ ಬಿಟ್ಟಿದ್ದು

ಸ್ಪೈನಾ ಬೈಫಿಡಾ, ಅಂದರೆ ಬೆನ್ನುಹುರಿ ಮುಚ್ಚಿಕೊಳ್ಳದ ಕಾಯಿಲೆ ಇರುವ ಮಗುವಿನ ಬೆನ್ನನ್ನು ಹುಟ್ಟುವ ಮೊದಲೇ, ತಾಯಿಯ ಗರ್ಭಕೋಶ ತೆರೆದು ಹೊಲಿಯುತ್ತಾರೆ. ಕೇಳಿದರೆ ಮೈ ಜುಮ್ಮೆನ್ನುತ್ತದೆ. ಇಷ್ಟು ದೊಡ್ಡ ಧೈರ್ಯ ವೈದ್ಯರಿಗೆ ಬಂದದ್ದು ಕುರಿಗಳಿಂದ.

ಗರ್ಭ ನಿಂತ ಸುಮಾರು 28 ದಿನಗಳೊಳಗೆ ಮುಂದೆ ಬೆನ್ನುಹುರಿಯಾಗುವ ನಾಳ ಮುಚ್ಚಿಕೊಳ್ಳಬೇಕು. ಮುಚ್ಚದಿದ್ದರೆ ಬೆನ್ನುಹುರಿ ಹೊರಗೆ ತೆರೆದೇ ಉಳಿಯುತ್ತದೆ. ಕಾಲಿಗೆ ಬಲ ಇರೋದಿಲ್ಲ, ಮಲಮೂತ್ರದ ಹಿಡಿತ ತಪ್ಪುತ್ತದೆ, ತಲೆಯಲ್ಲಿ ನೀರು ತುಂಬುತ್ತದೆ. ನರವೇ ಸರಿಯಾಗಿ ಬೆಳೆದಿಲ್ಲ, ಹುಟ್ಟಿದ ಮೇಲೆ ಗಾಯ ಮುಚ್ಚೋಣ ಅನ್ನೋದು ಹಳೆಯ ಲೆಕ್ಕ. ಆದರೆ ಕೆಲವರಿಗೆ ಬೇರೆ ಅನುಮಾನ: ನರ ಮೊದಲು ಚೆನ್ನಾಗಿಯೇ ಇದ್ದು, ತಿಂಗಳುಗಟ್ಟಲೆ ಗರ್ಭದ ನೀರು ತಾಗಿ, ಗರ್ಭಕೋಶದ ಗೋಡೆಗೆ ಉಜ್ಜಿ ಹಾಳಾಗುತ್ತಿದ್ದರೆ? ಹಾಗಿದ್ದರೆ ಬೇಗ ಮುಚ್ಚಬೇಕು, ಅಲ್ವಾ?

1984ರಲ್ಲಿ ಕೋತಿಯ ಭ್ರೂಣಗಳ ಮೇಲೆ ಇದನ್ನು ಪರೀಕ್ಷಿಸಿದರು. ಆದರೆ ಬೆನ್ನು ಕೊಯ್ದು ತೆರೆದ ಕೂಡಲೇ ಮುಚ್ಚಿದ್ದರಿಂದ, ನರ ಹಾಳಾಗೋದಕ್ಕೆ ಸಮಯವೇ ಸಿಕ್ಕಿರಲಿಲ್ಲ.

ಸರಿಯಾದ ಉತ್ತರ ಸಿಕ್ಕಿದ್ದು 1995ರಲ್ಲಿ. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಶಸ್ತ್ರವೈದ್ಯರಾದ ಮಾರ್ಟಿನ್ ಮ್ಯೂಲಿ, ಸ್ಕಾಟ್ ಆಡ್ಜಿಕ್ ಮತ್ತವರ ತಂಡ ಗಬ್ಬದ ಕುರಿಗಳನ್ನು ತಗೊಂಡು, 75ನೇ ದಿನ ಮರಿಯ ಬೆನ್ನುಹುರಿ ಕಾಣುವಂತೆ ಚರ್ಮ, ಮೂಳೆ ತೆಗೆದು, ಮತ್ತೆ ಒಳಗಿಟ್ಟು, ಕೆಲವು ಮರಿಗಳಿಗೆ 100ನೇ ದಿನ ಆ ಜಾಗಕ್ಕೆ ಬೆನ್ನಿನ ಸ್ನಾಯುವನ್ನೇ ತಿರುಗಿಸಿ ಮುಚ್ಚಿದರು. ಕುರಿಯ ಗಬ್ಬ ಸುಮಾರು 5 ತಿಂಗಳು. ಮುಚ್ಚದ ಮರಿಗಳು ಹಿಂಗಾಲು ಸ್ವಾಧೀನವಿಲ್ಲದೆ ಹುಟ್ಟಿದವು. ಮುಚ್ಚಿದವು, ಸ್ವಲ್ಪ ನಿಶ್ಶಕ್ತಿ ಇದ್ದರೂ, ಎದ್ದು ನಡೆದವು. ಮಲಮೂತ್ರದ ಹಿಡಿತವೂ ಇತ್ತು.

ಇಲ್ಲೊಂದು ಕೊಸರು ಇದೆ. ಆ ಮರಿಗಳ ಬೆನ್ನುಹುರಿ ಮೂಲದಲ್ಲಿ ಆರೋಗ್ಯವಾಗಿಯೇ ಇತ್ತು, ತೊಂದರೆ ಮಾಡಿದ್ದು ಚಾಕು. ಮಗುವಿನಲ್ಲಿ ಹಾಗಲ್ಲ, ಮೊದಲಿಂದಲೇ ಎಡವಟ್ಟು. ಈ ವ್ಯತ್ಯಾಸದ ಫಲ ಮನುಷ್ಯರಲ್ಲಿ ಕಂಡಿತು. ಅಮೆರಿಕದ 3 ಆಸ್ಪತ್ರೆಗಳಲ್ಲಿ 2003ರಿಂದ ನಡೆದ ಪ್ರಯೋಗದಲ್ಲಿ ಕೆಲವು ಮಕ್ಕಳಿಗೆ 26 ವಾರದೊಳಗೆ ಗರ್ಭದಲ್ಲೇ, ಉಳಿದವರಿಗೆ ಹುಟ್ಟಿದ ಮೇಲೆ ಶಸ್ತ್ರಚಿಕಿತ್ಸೆ ಮಾಡಿದರು. ಲಾಭ ಎದ್ದು ಕಂಡದ್ದರಿಂದ ಅದನ್ನು ಅಂದುಕೊಂಡದ್ದಕ್ಕಿಂತ ಮೊದಲೇ ನಿಲ್ಲಿಸಿ 2011ರಲ್ಲಿ ಫಲಿತಾಂಶ ಪ್ರಕಟಿಸಿದರು. ಎರಡೂವರೆ ವರ್ಷಕ್ಕೆ ಆಸರೆಯಿಲ್ಲದೆ ನಡೆದವರು ಶೇ. 42, ಇನ್ನೊಂದು ಗುಂಪಿನಲ್ಲಿ ಶೇ. 21. ಒಳ್ಳೆಯದೇ, ಆದರೆ ಕುರಿಮರಿಗಳಷ್ಟು ಅಲ್ಲ. ಜಾಸ್ತಿ ಲಾಭ ಸಿಕ್ಕಿದ್ದು ತಲೆಗೆ: ಮೊದಲ ವರ್ಷದಲ್ಲಿ ನೀರು ಇಳಿಸುವ ಕೊಳವೆ (ಶಂಟ್) ಹಾಕಬೇಕಾಗಿ ಬಂದದ್ದು ಶೇ. 82ರ ಬದಲು ಶೇ. 40 ಮಕ್ಕಳಿಗೆ ಮಾತ್ರ. ಬೆಲೆಯೂ ಸಣ್ಣದಲ್ಲ. ಗರ್ಭದಲ್ಲೇ ಚಿಕಿತ್ಸೆಯಾದ 5 ಮಕ್ಕಳಲ್ಲಿ ಸುಮಾರು 4 ಅವಧಿಗೆ ಮೊದಲೇ ಹುಟ್ಟಿದವು, ತಾಯಂದಿರ ಗರ್ಭಕೋಶದ ಹೊಲಿಗೆ ತೆಳ್ಳಗಾದದ್ದೂ ಇದೆ.

ಮುಚ್ಚೋದಷ್ಟೇ ಸಾಲದು ಅಂತ ಕ್ಯಾಲಿಫೋರ್ನಿಯಾದ ಡೇವಿಸ್ ವಿಶ್ವವಿದ್ಯಾಲಯದ ಡಯಾನಾ ಫಾರ್ಮರ್ ತಂಡ ಮಾಸುಚೀಲದ ಕಾಂಡಕೋಶಗಳ ತೇಪೆಯನ್ನು ಕುರಿಮರಿಗಳಲ್ಲಿ ನೋಡಿತು. ಆಮೇಲೆ 2 ಬುಲ್‌ಡಾಗ್ ಮರಿಗಳು. ಇವಕ್ಕೆ ಯಾರೂ ಚಾಕು ಹಾಕಿರಲಿಲ್ಲ, ಕಾಯಿಲೆ ಹುಟ್ಟಿನಿಂದಲೇ ಇತ್ತು. ಚಿಕಿತ್ಸೆಯ ನಂತರ ಅವು ಓಡಾಡಿದವು. 2021ರಲ್ಲಿ ಅದೇ ತೇಪೆ ಮೊದಲ ಸಲ ಗರ್ಭದಲ್ಲಿದ್ದ ಮಗುವಿನ ಬೆನ್ನಿಗೆ ಬಂತು.