ಟಿಎಸ್‌ಒ ಇದ್ದ ಮಾತ್ರಕ್ಕೆ ಕೂರಿಸೋಕಾಗಲ್ಲ

"ಸರ್, ಡಬ್ಬದ ಮೇಲೆ ಟಿಎಸ್‌ಒ ಅಂತಿದೆಯಲ್ಲ, ಇನ್ನೇನು, ಕೂರಿಸಿಬಿಡಿ."

ಅಮೆರಿಕದಲ್ಲಿ ಸಣ್ಣ ವಿಮಾನಗಳ ಏವಿಯಾನಿಕ್ಸ್, ಅಂದರೆ ಎಲೆಕ್ಟ್ರಾನಿಕ್ ಉಪಕರಣಗಳ ಕೆಲಸ ಮಾಡುವ ನಾನು ಈ ಮಾತು ಕೇಳಿ ಕೇಳಿ ಸಾಕಾಗಿದ್ದೇನೆ. ಈಗ ಸೆಸ್ನಾ 172 ಎಂಬ ಸಣ್ಣ ವಿಮಾನ ಕೊಳ್ಳುತ್ತಿರುವ ನಮ್ಮ ಕನ್ನಡದವರೂ ಇದನ್ನೇ ಹೇಳುತ್ತಾರೆ. ಹಾಗಾಗಿ ಇದೊಂದನ್ನೇ ಬಿಡಿಸಿ ಹೇಳುತ್ತೇನೆ.

ಟಿಎಸ್‌ಒ (ಟೆಕ್ನಿಕಲ್ ಸ್ಟ್ಯಾಂಡರ್ಡ್ ಆರ್ಡರ್) ಎಂದರೆ ಆ ಉಪಕರಣ ಅಮೆರಿಕದ ವಿಮಾನಯಾನ ನಿಯಂತ್ರಣ ಸಂಸ್ಥೆ ಎಫ್‌ಎಎ ಹೇಳಿದ ಕನಿಷ್ಠ ಮಟ್ಟಕ್ಕೆ ತಕ್ಕಂತಿದೆ, ತಯಾರಕರು ಅದನ್ನು ಹಾಗೆ ತಯಾರಿಸಬಹುದು ಎಂದಷ್ಟೇ. ನಿಮ್ಮ ವಿಮಾನದ ಬಗ್ಗೆ ಅದು ಏನೂ ಹೇಳುವುದಿಲ್ಲ. ಈ ಮಾಡೆಲ್ ವಿಮಾನದಲ್ಲಿ, ಈ ಉಪಕರಣವನ್ನು, ಈ ರೀತಿ ಕೂರಿಸಬಹುದು ಎಂದು ಹೇಳುವುದು ಎಸ್‌ಟಿಸಿ (ಸಪ್ಲಿಮೆಂಟಲ್ ಟೈಪ್ ಸರ್ಟಿಫಿಕೇಟ್). ಹುಡುಗ ಒಳ್ಳೆಯವನು ಅನ್ನೋದು ಬೇರೆ, ಈ ಹುಡುಗಿಗೆ ಜಾತಕ ಕೂಡಿದೆ ಅನ್ನೋದು ಬೇರೆ, ಅಲ್ವಾ?

ಇದರ ಉಲ್ಟಾನೂ ನಿಜ. ವಿಮಾನದ ಓರೆ, ದಿಕ್ಕು ತೋರಿಸುವ ಸಣ್ಣ ಡಿಜಿಟಲ್ ಪರದೆ ಗಾರ್ಮಿನ್ ಜಿ5ಗೆ ಟಿಎಸ್‌ಒ ಇಲ್ಲ. ಆದರೂ 2016ರಲ್ಲಿ ಅದಕ್ಕೆ ಎಸ್‌ಟಿಸಿ ಸಿಕ್ಕಿತು, ಒಪ್ಪಿಗೆ ಪಟ್ಟಿಯಲ್ಲಿ 500ಕ್ಕೂ ಹೆಚ್ಚು ಮಾಡೆಲ್‌ಗಳಿವೆ. ಅದೇ ವರ್ಷ ಹವ್ಯಾಸಿ ವಿಮಾನಪ್ರಿಯರ ಇಎಎ ಸಂಸ್ಥೆ ಅಂಥದ್ದೇ ಪರದೆಯಾದ ಡೈನನ್ ಡಿ10ಎಗೆ ಎಸ್‌ಟಿಸಿ ಪಡೆದು ಈ ದಾರಿ ತೆರೆದಿತ್ತು. ಅಲ್ಲಿವರೆಗೆ ಇಂಥ ಅಗ್ಗದ ಗಾಜಿನ ಪರದೆಗಳು ಸ್ವಂತವಾಗಿ ಕಟ್ಟಿಕೊಂಡ ಎಕ್ಸ್‌ಪೆರಿಮೆಂಟಲ್ ವಿಮಾನದವರ ಪಾಲಿಗೇ ಇದ್ದವು. ಹಳೆಯ ಸೆಸ್ನಾ, ಪೈಪರ್ ಇಟ್ಟುಕೊಂಡವರಿಗೆ ಅದು ಎಷ್ಟು ದೊಡ್ಡ ಉಪಕಾರವಾಯಿತು ಎಂದು ಕಣ್ಣಾರೆ ಕಂಡಿದ್ದೇನೆ.

ಆದರೆ ಎಡವುವುದೂ ಇಲ್ಲೇ. ಜಿ5 ಎರಡು ಬಗೆಯಲ್ಲಿ ಬರುತ್ತದೆ, ಒಂದು ಎಕ್ಸ್‌ಪೆರಿಮೆಂಟಲ್‌ಗೆ, ಇನ್ನೊಂದು ಸೆಸ್ನಾದಂಥ, ಎಫ್‌ಎಎ ಪ್ರಮಾಣಪತ್ರವಿರುವ ಸರ್ಟಿಫೈಡ್ ವಿಮಾನಕ್ಕೆ. ನೋಡಲು ಒಂದೇ, ಪಾರ್ಟ್ ನಂಬರ್ ಬೇರೆ. ನಿವೃತ್ತ ಡಾಕ್ಟರೊಬ್ಬರು, ತುಂಬ ಒಳ್ಳೆಯ ಮನುಷ್ಯರು, ಆನ್‌ಲೈನ್‌ನಲ್ಲಿ ಅಗ್ಗಕ್ಕೆ ಸಿಕ್ಕಿತೆಂದು ಮೊದಲನೆಯದನ್ನು ಕೊಂಡು ತಮ್ಮ 172ಗೆ ಹಾಕಿಸಲು ತಂದರು. ಆಗಲ್ಲ ಅಂದೆ. ಸಿಟ್ಟಾಗಿ ಹೋದವರು ಮರುವಾರ ಮನೆಯ ಕೋಡುಬಳೆ ಹಿಡಿದು ಬಂದು, "ಅದನ್ನ ಮಾರಿಬಿಟ್ಟೆ ಕಣಪ್ಪಾ, ಈಗ ಯಾವುದು ತರಲಿ ಹೇಳು" ಅಂದರು. ಇದನ್ನು ಕೊಳ್ಳುವ ಮುಂಚೆ ಕೇಳಿದ್ದರೆ ಒಂದು ಫೋನ್‌ನಲ್ಲಿ ಮುಗಿಯುತ್ತಿತ್ತು.

ಪಟ್ಟಿಯಲ್ಲಿ ನಿಮ್ಮ ಮಾಡೆಲ್ ಇದ್ದರೂ ಕೆಲಸ ಅಲ್ಲಿಗೇ ಮುಗಿಯಲ್ಲ. ಎಸ್‌ಟಿಸಿ ಯಾರ ಹೆಸರಲ್ಲಿದೆಯೋ ಅವರ ಲಿಖಿತ ಅನುಮತಿ ಬೇಕು. ಇಂಟರ್ನೆಟ್‌ನಿಂದ ಇಳಿಸಿಕೊಂಡ ಎಸ್‌ಟಿಸಿ ಕಾಗದ ಅನುಮತಿ ಪತ್ರವಲ್ಲ. ಮತ್ತೆ, ನಿಮ್ಮ ವಿಮಾನಕ್ಕೆ ಈ 40-50 ವರ್ಷದಲ್ಲಿ ಯಾರ್ಯಾರೋ ಏನೇನೋ ಸೇರಿಸಿರುತ್ತಾರೆ, ಹಳೆಯ ಆಟೋಪೈಲಟ್, ಬೇರೆ ರೇಡಿಯೊ, ಅದಕ್ಕೊಂದು ಎಸ್‌ಟಿಸಿ ಇದಕ್ಕೊಂದು ಎಸ್‌ಟಿಸಿ, ಅವೆಲ್ಲದರ ಜೊತೆ ಹೊಸದು ಹೊಂದುತ್ತದೆಯೇ ಎಂದು ನೋಡುವ ಹೊಣೆ ಕೂರಿಸುವವರದ್ದು. ನಾವು ಸುಮ್ನೆ ತಡ ಮಾಡುತ್ತಿಲ್ಲ. ಮೋಡದೊಳಗೆ ಪರದೆ ಆರಿಹೋದರೆ ಉಳಿಯಬೇಕಾದ ಉಪಕರಣಗಳು ನಿಜಕ್ಕೂ ಉಳಿಯುತ್ತವೆಯೇ ಎಂದು ನೋಡುತ್ತಿರುತ್ತೇವೆ.

ನಿಮ್ಮ ವಿಮಾನಕ್ಕೆ ಯಾವುದು ಆಗುತ್ತದೆ ಎಂದು ಇಲ್ಲಿಂದಲೇ ಹೇಳಲಾರೆ. ಅದನ್ನು ನಿಮ್ಮ ಐಎ ಮೆಕ್ಯಾನಿಕ್ (ಎಫ್‌ಎಎಯಿಂದ ತಪಾಸಣೆಯ ಅಧಿಕಾರ ಪಡೆದವರು) ವಿಮಾನ ಮತ್ತು ಲಾಗ್‌ಬುಕ್ ನೋಡಿಯೇ ಹೇಳಬೇಕು. ದೊಡ್ಡ ರಿಪೇರಿ, ಬದಲಾವಣೆಗಳನ್ನು ದಾಖಲಿಸುವ ಹಳೆಯ ಫಾರಂ 337ಗಳು ಕಳೆದಿದ್ದರೆ ಓಕ್ಲಹೋಮಾ ಸಿಟಿಯ ಎಫ್‌ಎಎ ದಾಖಲೆ ವಿಭಾಗದಿಂದ ನಕಲು ತರಿಸಿ. ಅದು ಕೈಗೆ ಬಂದ ಮೇಲೆ ಉಪಕರಣದ ಬೆಲೆ ವಿಚಾರಿಸಿ.