ಬಂಗುಡೆ ತಿನ್ನುವವರಿಗೆ ಮೀನೆಣ್ಣೆ ಮಾತ್ರೆ ಬೇಕೇ?

ಪ್ರಶ್ನೆ: ನನಗೆ 61 ವರ್ಷ. ತಪಾಸಣೆಯಲ್ಲಿ ಎಚ್‌ಎಸ್-ಸಿಆರ್‌ಪಿ (ಉರಿಯೂತ ತಿಳಿಸುವ ರಕ್ತಪರೀಕ್ಷೆ) 4.2 ಎಂದು ಬಂದಿದೆ. ಜ್ವರವಿಲ್ಲ, ಹೇಳಿಕೊಳ್ಳುವಂಥ ನೋವೂ ಇಲ್ಲ. ವಯಸ್ಸಾದ ಮೇಲೆ ಒಳಗೊಳಗೇ ಉರಿಯೂತ ಹೆಚ್ಚುತ್ತದಂತೆ, ಮೀನೆಣ್ಣೆ ಮಾತ್ರೆ ಮತ್ತು ಅರಿಶಿನದ ಕ್ಯಾಪ್ಸೂಲ್ ಶುರು ಮಾಡಿ ಎಂದು ಮಗ ಒತ್ತಾಯಿಸುತ್ತಿದ್ದಾನೆ. ವಾರದಲ್ಲಿ ಮೂರ್ನಾಲ್ಕು ದಿನ ಮೀನು ತಿನ್ನುವವನಿಗೆ ಅದೂ ಬೇಕೇ? (ಮಲ್ಪೆಯ ಓದುಗರು)

ಉತ್ತರ: ಮೀನೆಣ್ಣೆ ಮಾತ್ರೆ ನಿಮಗೆ ಬೇಕಿಲ್ಲ. ಅರಿಶಿನದ ಕ್ಯಾಪ್ಸೂಲನ್ನಂತೂ ವೈದ್ಯರನ್ನು ಕೇಳದೆ ಮುಟ್ಟಬೇಡಿ. ಕಾರಣ ಮುಂದೆ ಹೇಳುತ್ತೇನೆ. ಆದರೆ ಆ 4.2 ಅನ್ನು ಕಡತದೊಳಗೆ ಹಾಕಿ ಮರೆತುಬಿಡುವಂತೆಯೂ ಇಲ್ಲ.

ಸಿಆರ್‌ಪಿ ಎಂಬುದು ಲಿವರ್ ತಯಾರಿಸುವ ಪ್ರೋಟೀನ್. ದೇಹದಲ್ಲಿ ಎಲ್ಲಿಯೇ ಉರಿಯೂತವಾದರೂ ಅಲ್ಲಿಂದ ಹೊರಡುವ ಇಂಟರ್‌ಲ್ಯೂಕಿನ್-6 ಎಂಬ ಸಂದೇಶವಾಹಕ ಲಿವರಿಗೆ ಸುದ್ದಿ ಮುಟ್ಟಿಸುತ್ತದೆ, ಲಿವರ್ ಸಿಆರ್‌ಪಿಯನ್ನು ರಕ್ತಕ್ಕೆ ಬಿಡುತ್ತದೆ. ಲೀಟರಿಗೆ 1 ಮಿಲಿಗ್ರಾಂಗಿಂತ ಕಡಿಮೆಯಿದ್ದರೆ ಹೃದಯದ ಮಟ್ಟಿಗೆ ಅಪಾಯ ಕಡಿಮೆ, 1ರಿಂದ 3 ಮಧ್ಯಮ, 3 ದಾಟಿದರೆ ಹೆಚ್ಚು ಎಂದು ಲೆಕ್ಕ. 10 ದಾಟಿದರೆ ಸಾಮಾನ್ಯವಾಗಿ ಸೋಂಕನ್ನೋ ಗಾಯವನ್ನೋ ಹುಡುಕುತ್ತಾರೆ. ಎಲ್ಲಿ ಏನಾಗಿದೆ ಎಂದು ಮಾತ್ರ ಈ ಪರೀಕ್ಷೆ ಹೇಳುವುದಿಲ್ಲ. ಹಿಂದಿನ ವಾರದ ಶೀತ, ಬಾತ ವಸಡು, ಕಾಲಿನ ಹುಣ್ಣು, ಯಾವುದಾದರೂ ಅಂಕಿ ಏರಿಸಬಹುದು. ಮಳೆಗಾಲದಲ್ಲಿ ನಮ್ಮ ಕಡೆ ಜ್ವರಕ್ಕೇನೂ ಬರವಿಲ್ಲವಲ್ಲ. ಹಾಗಾಗಿ ಪೂರ್ತಿ ಆರಾಮವಾಗಿರುವಾಗ ಎರಡು ಮೂರು ವಾರ ಬಿಟ್ಟು ಇನ್ನೊಮ್ಮೆ ಪರೀಕ್ಷೆ ಮಾಡಿಸಿ. ಆಗಲೂ 3ರ ಮೇಲಿದ್ದರೆ ಮುಂದಿನ ಮಾತು.

ಮಗ ಹೇಳಿದ್ದಕ್ಕೆ ಆಧಾರವಿದೆ. ಇಟಲಿಯ ವಿಜ್ಞಾನಿ ಕ್ಲಾಡಿಯೊ ಫ್ರಾನ್ಸೆಸ್ಕಿ ಮತ್ತು ಸಂಗಡಿಗರು 2000ದಲ್ಲಿ ಇದಕ್ಕೆ ಇನ್‌ಫ್ಲಮೇಜಿಂಗ್ ಎಂದು ಹೆಸರಿಟ್ಟರು. ಉಮಿಗೆ ಹಿಡಿದ ಬೆಂಕಿಯಂತೆ ಜ್ವಾಲೆಯೇ ಕಾಣದ ಉರಿಯೂತ ಇದು. ವಯಸ್ಸಾದಂತೆ ಕೆಲವು ಜೀವಕೋಶಗಳು ವಿಭಜನೆ ನಿಲ್ಲಿಸುತ್ತವೆ, ಆದರೆ ಸಾಯುವುದೂ ಇಲ್ಲ. ಕುಳಿತಲ್ಲೇ ಉರಿಯೂತದ ರಾಸಾಯನಿಕಗಳನ್ನು ಸೂಸುತ್ತಿರುತ್ತವೆ. ಆದರೆ ವಯಸ್ಸೊಂದೇ ಕಾರಣವೆಂದು ಕೈಚೆಲ್ಲಬೇಕಿಲ್ಲ. 2025ರಲ್ಲಿ ಪ್ರಕಟವಾದ ಅಧ್ಯಯನವೊಂದು ಇಟಲಿ, ಸಿಂಗಾಪುರದ ಜನರನ್ನು ಬೊಲಿವಿಯಾದ ತ್ಸಿಮಾನೆ ಮತ್ತು ಮಲೇಷ್ಯಾದ ಒರಾಂಗ್ ಅಸ್ಲಿ ಬುಡಕಟ್ಟುಗಳೊಂದಿಗೆ ಹೋಲಿಸಿ ನೋಡಿತು. ಬುಡಕಟ್ಟು ಜನರಲ್ಲಿ ಸೋಂಕಿನಿಂದಾದ ಉರಿಯೂತವಿತ್ತು, ಆದರೆ ವಯಸ್ಸಿನ ಜೊತೆ ಅದು ಆ ಮಾದರಿಯಲ್ಲಿ ಏರಲಿಲ್ಲ. ನಾವು ಬದುಕುವ ರೀತಿಗೂ ಇದರಲ್ಲಿ ದೊಡ್ಡ ಪಾಲಿದೆ ಎಂದಾಯಿತು.

ಆದ್ದರಿಂದ ಯಾವ ಮಾತ್ರೆ ಎಂದು ಕೇಳುವ ಮೊದಲು, ಇದು ಎಲ್ಲಿಂದ ಬರುತ್ತಿದೆ ಎಂದು ನೋಡಬೇಕು.

ಮೊದಲು ಹೊಟ್ಟೆ. ಕರುಳಿನ ಸುತ್ತ ಕೂರುವ ಕೊಬ್ಬು ಸುಮ್ಮನೆ ಬಿದ್ದಿರುವುದಿಲ್ಲ, ತಾನೇ ಇಂಟರ್‌ಲ್ಯೂಕಿನ್-6 ಬಿಡುಗಡೆ ಮಾಡುತ್ತದೆ. ಭಾರತೀಯರಿಗೆ ಸೊಂಟದ ಸುತ್ತಳತೆಯ ಮಿತಿ ಗಂಡಸರಿಗೆ 90 ಸೆಂ.ಮೀ., ಹೆಂಗಸರಿಗೆ 80. ಕೈಕಾಲು ತೆಳ್ಳಗಿದ್ದು ಹೊಟ್ಟೆ ಮಾತ್ರ ಮುಂದೆ ಬಂದಿರುವವರು ನಮ್ಮಲ್ಲಿ ಬೇಕಾದಷ್ಟಿದ್ದಾರೆ. ತೂಕದ ಯಂತ್ರ ಅವರಿಗೆ ನಿಜ ಹೇಳುವುದಿಲ್ಲ, ಟೇಪು ಹೇಳುತ್ತದೆ. ತೂಕದ ಶೇಕಡಾ 5ರಿಂದ 10ರಷ್ಟು ಇಳಿದರೂ ಸಾಮಾನ್ಯವಾಗಿ ಸಿಆರ್‌ಪಿ ಕೆಳಗೆ ಬರುತ್ತದೆ. ಯಾವ ಕ್ಯಾಪ್ಸೂಲಿಗೂ ಇಷ್ಟು ನಂಬಿಕೆಯ ದಾಖಲೆ ಇಲ್ಲ.

ಎರಡನೆಯದು ಬಾಯಿ. ಇದನ್ನು ಯಾರೂ ಕೇಳುವುದಿಲ್ಲ, ನಾನು ಕೇಳುತ್ತೇನೆ: ಹಲ್ಲುಜ್ಜುವಾಗ ರಕ್ತ ಬರುತ್ತದೆಯೇ? ಊಟವಾದ ಮೇಲೆ ಎಲೆಯಡಿಕೆ ಹಾಕುತ್ತೀರಾ, ಅದಕ್ಕೆ ಹೊಗೆಸೊಪ್ಪು ಸೇರುತ್ತದೆಯೇ? ವಸಡಿನ ದೀರ್ಘಕಾಲದ ಸೋಂಕು ಸಿಆರ್‌ಪಿ ಏರಿಸುತ್ತದೆ, ಅದಕ್ಕೆ ಚಿಕಿತ್ಸೆ ಮಾಡಿಸಿದರೆ ಸ್ವಲ್ಪವಾದರೂ ಇಳಿಯುತ್ತದೆ. ಅಡಿಕೆ ತೋಟದ ಜಿಲ್ಲೆಯಲ್ಲಿ ಕುಳಿತು ಹೇಳುವುದು ಕಷ್ಟದ ಮಾತು, ಆದರೆ ಅಡಿಕೆಯನ್ನು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲೇ ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ ಸೇರಿಸಿದೆ. ಬೀಡಿ, ಸಿಗರೇಟಿನ ಬಗ್ಗೆ ವಿವರಿಸಬೇಕಾಗಿಲ್ಲ. ಮೀನೆಣ್ಣೆ ಮಾತ್ರೆಗೆ ಇಟ್ಟ ದುಡ್ಡಿನಲ್ಲಿ ಒಮ್ಮೆ ಹಲ್ಲು ಕ್ಲೀನ್ ಮಾಡಿಸಿಕೊಂಡು ಬನ್ನಿ.

ಮೂರನೆಯದು ನಿದ್ದೆ. ಜೋರಾಗಿ ಗೊರಕೆ ಹೊಡೆದು, ಮಧ್ಯೆ ಉಸಿರು ನಿಂತಂತಾಗಿ, ಹಗಲಿಡೀ ತೂಕಡಿಸುವವರಾದರೆ ಸ್ಲೀಪ್ ಆಪ್ನಿಯಾ ಇದೆಯೇ ಎಂದು ಪರೀಕ್ಷಿಸಬೇಕು. ವರ್ಷಕ್ಕೊಂದೆರಡು ಇಡೀ ರಾತ್ರಿಯ ಯಕ್ಷಗಾನದಿಂದ ಏನೂ ಆಗುವುದಿಲ್ಲ, ದಿನವೂ ಮೊಬೈಲ್ ಹಿಡಿದು ರಾತ್ರಿ ಒಂದು ಗಂಟೆಯವರೆಗೆ ಎಚ್ಚರವಿರುವುದೇ ತೊಂದರೆ.

ಈಗ ಮೀನಿನ ವಿಷಯ. ಸಾಮಾನ್ಯವಾಗಿ ಸಿಗುವ 1000 ಮಿಲಿಗ್ರಾಂ ಮೀನೆಣ್ಣೆ ಕ್ಯಾಪ್ಸೂಲಿನಲ್ಲಿ ಕೆಲಸಕ್ಕೆ ಬರುವ ಒಮೆಗಾ-3, ಅಂದರೆ ಇಪಿಎ ಮತ್ತು ಡಿಎಚ್‌ಎ, ಸೇರಿ ಸುಮಾರು 300 ಮಿಲಿಗ್ರಾಂ ಮಾತ್ರ. ಒಂದು ಊಟದ ಕೊಬ್ಬಿದ ಬೂತಾಯಿ (ಸಾರ್ಡಿನ್ ಮೀನು) ಅಂಥ ಎರಡು ಮೂರನ್ನು ಸಲೀಸಾಗಿ ಮೀರಿಸುತ್ತದೆ, ಬಂಗುಡೆಯೂ ಹಿಂದೆ ಬೀಳುವುದಿಲ್ಲ. ಅಂಜಲ್ ಮೀನಿಗೆ ಎಷ್ಟೇ ಬೆಲೆಯಿರಲಿ, ಈ ವಿಷಯದಲ್ಲಿ ಬೂತಾಯಿಯೇ ಮುಂದು. ಅಮೆರಿಕದಲ್ಲಿ 25,871 ಜನರ ಮೇಲೆ ನಡೆದ ವೈಟಲ್ ಪ್ರಯೋಗದಲ್ಲಿ ದಿನಕ್ಕೆ 1 ಗ್ರಾಂ ಮೀನೆಣ್ಣೆ ಕೊಟ್ಟರೂ ಹೃದಯಾಘಾತ, ಪಾರ್ಶ್ವವಾಯು, ಹೃದಯದ ಸಾವುಗಳ ಒಟ್ಟು ಲೆಕ್ಕದಲ್ಲಿ ಗಮನಾರ್ಹ ಇಳಿಕೆ ಕಾಣಲಿಲ್ಲ. ದೊಡ್ಡ ಪ್ರಮಾಣದಲ್ಲಿ ನುಂಗಿದರೆ ಹೃದಯಬಡಿತ ಲಯ ತಪ್ಪುವ ಅಪಾಯವೂ ಹೆಚ್ಚುತ್ತದೆ. ಜೂನ್ 1ರಿಂದ ಜುಲೈ 31ರ ತನಕ ಯಾಂತ್ರಿಕ ಮೀನುಗಾರಿಕೆ ನಿಷೇಧವಿರುವಾಗ ಮೀನು ಕಡಿಮೆಯಾದರೆ ಗಾಬರಿಬೇಡ, ಎರಡು ತಿಂಗಳಿಗೆ ಏನೂ ಕೊಚ್ಚಿಹೋಗುವುದಿಲ್ಲ. ಒಣಮೀನು ಮಾತ್ರ ಉಪ್ಪಿನ ದೆಸೆಯಿಂದ ಬಿಪಿ ಇದ್ದವರಿಗೆ ಆಗದು. ರವಾ ಫ್ರೈಗಿಂತ ಹುಳಿ-ಖಾರದ ಪುಳಿಮುಂಚಿ ಸಾರು ಮೇಲು. ಮೀನು ತಿನ್ನದವರು ಅಗಸೆ, ವಾಲ್‌ನಟ್ ತಿನ್ನಬಹುದು, ಆದರೆ ಅವುಗಳ ಒಮೆಗಾ-3 ದೇಹದಲ್ಲಿ ಇಪಿಎ, ಡಿಎಚ್‌ಎ ಆಗುವುದು ತೀರಾ ಸ್ವಲ್ಪ. ಬೇಕೇ ಬೇಕೆಂದರೆ ಪಾಚಿಯಿಂದ ತೆಗೆದ ಡಿಎಚ್‌ಎ ಸಿಗುತ್ತದೆ.

ಅರಿಶಿನದ್ದು ಬೇರೆ ಕಥೆ. ಅರಿಶಿನ ಪುಡಿಯಲ್ಲಿ ಅದರ ಮುಖ್ಯ ಸಾರವಾದ ಕರ್ಕ್ಯುಮಿನ್ ಇರುವುದು ಶೇಕಡಾ 3ರ ಆಸುಪಾಸು, ಅದೂ ರಕ್ತಕ್ಕೆ ಸರಿಯಾಗಿ ಸೇರುವುದಿಲ್ಲ. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನವರು 1998ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಕಾಳುಮೆಣಸಿನ ಪೈಪರೀನ್ ಜೊತೆ ಕೊಟ್ಟಾಗ ಮನುಷ್ಯರಲ್ಲಿ ಹೀರಿಕೆ ಶೇಕಡಾ 2000ದಷ್ಟು ಏರಿತು. ಇವತ್ತಿನ ಅನೇಕ ಕ್ಯಾಪ್ಸೂಲ್‌ಗಳಿಗೆ ಪೈಪರೀನ್ ಸೇರಿಸುವುದು ಇದಕ್ಕೇ. ಅಪಾಯ ಇರುವುದೂ ಇಲ್ಲೇ. ಹೀಗೆ ಹೀರಿಕೆ ಹೆಚ್ಚಿಸಿದ ಅರಿಶಿನದಿಂದ ಲಿವರ್ ಬಾತು ಆಸ್ಪತ್ರೆ ಸೇರಿದವರ ಪ್ರಕರಣಗಳು ಅಮೆರಿಕ, ಇಟಲಿ ಎರಡೂ ಕಡೆ ವರದಿಯಾಗಿವೆ. ರಕ್ತ ತೆಳುವಾಗಿಸುವ ವಾರ್ಫರಿನ್, ಕ್ಲೋಪಿಡೋಗ್ರೆಲ್ ತೆಗೆದುಕೊಳ್ಳುವವರಿಗೆ ರಕ್ತಸ್ರಾವದ ಭಯ ಬೇರೆ. ಸಾರಿಗೆ, ಮೀನಿಗೆ ಹಾಕುವ ಅರಿಶಿನಕ್ಕೂ ಇದಕ್ಕೂ ಸಂಬಂಧವಿಲ್ಲ ಮಾರಾಯ್ರೇ, ಅದನ್ನು ಹಾಯಾಗಿ ತಿನ್ನಿ.

ತೆಂಗಿನೆಣ್ಣೆ? ಅದು ಉರಿಯೂತ ಇಳಿಸುತ್ತದೆ ಎನ್ನುವವರೂ ಇದ್ದಾರೆ, ಏರಿಸುತ್ತದೆ ಎನ್ನುವವರೂ ಇದ್ದಾರೆ. 2020ರಲ್ಲಿ ಹಲವು ಪ್ರಯೋಗಗಳನ್ನು ಒಟ್ಟುಗೂಡಿಸಿ ನೋಡಿದಾಗ ಉರಿಯೂತದ ಮೇಲೆ ಎರಡೂ ಕಡೆಗೆ ಹೇಳುವಂಥ ಪರಿಣಾಮ ಸಿಗಲಿಲ್ಲ, ಕೆಟ್ಟ ಕೊಲೆಸ್ಟರಾಲ್ ಮಾತ್ರ ಏರಿತ್ತು. ಒಗ್ಗರಣೆಗೆ ಇರಲಿ, ಕರಿಯಲು ಬೇಡ. ಇನ್ನುಳಿದ ಊಟ ನಿಮಗೆ ಗೊತ್ತಿರುವುದೇ: ತಟ್ಟೆಯಲ್ಲಿ ಅನ್ನ ಅರ್ಧಕ್ಕಿಳಿದು, ಹುರುಳಿ ಸಾರು, ಹೆಸರುಕಾಳು, ಬಸಳೆ, ಹರಿವೆ, ತಿಮರೆ (ಒಂದೆಲಗ) ಚಟ್ನಿ ಹೆಚ್ಚಲಿ. ಕೆಂಪು ಕುಚ್ಚಲಕ್ಕಿ ಬಿಳಿ ಅಕ್ಕಿಗಿಂತ ಪರವಾಗಿಲ್ಲ, ಆದರೆ ರಾಶಿ ಹಾಕಿದರೆ ಅದೂ ಅನ್ನವೇ. ಪುನರ್ಪುಳಿ ಶರಬತ್ತು ಒಳ್ಳೆಯದೆಂದು ಎರಡು ಲೋಟ ಕುಡಿಯುವವರು ಅದರಲ್ಲಿರುವ ಸಕ್ಕರೆಯನ್ನೂ ನೋಡಲಿ. ಸಾರು ಮಾಡಿದರೆ ಆ ಚಿಂತೆ ಕಡಿಮೆ.

ನಡಿಗೆ ವಾರಕ್ಕೆ 150 ನಿಮಿಷ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಕನಿಷ್ಠ ಲೆಕ್ಕ. ಇಲ್ಲೊಂದು ಸೋಜಿಗವಿದೆ: ಕೆಲಸ ಮಾಡುವ ಸ್ನಾಯುವೂ ಇಂಟರ್‌ಲ್ಯೂಕಿನ್-6 ಬಿಡುತ್ತದೆ, ಆದರೆ ಆ ಕ್ಷಣಿಕ ಏರಿಕೆ ಉರಿಯೂತ ತಣಿಸುವ ಇಂಟರ್‌ಲ್ಯೂಕಿನ್-10ನ್ನು ಎಬ್ಬಿಸುತ್ತದೆ. ಹೊಟ್ಟೆಯ ಕೊಬ್ಬಿನಿಂದ ದಿನವಿಡೀ ಸೋರುವುದಕ್ಕೂ ಇದಕ್ಕೂ ಅಜಗಜಾಂತರ. ಮಳೆಗಾಲದಲ್ಲಿ ಮಲ್ಪೆ ಬೀಚೂ ಇಲ್ಲ, ರಥಬೀದಿಯೂ ಕೆಸರು, ಆಗ ಮನೆಯ ಜಗಲಿಯಲ್ಲೇ ನಡೆಯಿರಿ. ಕುರ್ಚಿಯಿಂದ ಕೈ ಊರದೆ ಹತ್ತು ಹನ್ನೆರಡು ಸಲ ಎದ್ದು ಕೂರುವುದನ್ನೂ ಸೇರಿಸಿ, ಈ ವಯಸ್ಸಿಗೆ ತೊಡೆಯ ಸ್ನಾಯು ಮುಖ್ಯ.

ಮೂರು ತಿಂಗಳು ಇಷ್ಟು ಮಾಡಿದ ಮೇಲೂ ಅಂಕಿ 3ರ ಮೇಲೆಯೇ ನಿಂತರೆ, ಕೊಲೆಸ್ಟರಾಲ್, ಸಕ್ಕರೆ, ಬಿಪಿ ಲೆಕ್ಕದ ಜೊತೆ ಅದನ್ನೂ ವೈದ್ಯರ ಮುಂದಿಟ್ಟು ಕೊಲೆಸ್ಟರಾಲ್ ಇಳಿಸುವ ಸ್ಟ್ಯಾಟಿನ್ ಮಾತ್ರೆ ಬೇಕೇ ಎಂದು ನೇರವಾಗಿ ಕೇಳಿ. 2008ರ ಜುಪಿಟರ್ ಪ್ರಯೋಗದಲ್ಲಿ ಕೆಟ್ಟ ಕೊಲೆಸ್ಟರಾಲ್ ಹೆಚ್ಚಿಲ್ಲದೆ ಸಿಆರ್‌ಪಿ ಮಾತ್ರ 2 ಅಥವಾ ಅದಕ್ಕಿಂತ ಮೇಲಿದ್ದವರಿಗೆ ರೋಸುವಾಸ್ಟಾಟಿನ್ ಎಂಬ ಸ್ಟ್ಯಾಟಿನ್ ಕೊಟ್ಟಾಗ ಹೃದಯದ ಅವಘಡಗಳು ಶೇಕಡಾ 44ರಷ್ಟು ಕಡಿಮೆಯಾದವು. ಬೆಳಗ್ಗೆ ಗಂಟೆಗಟ್ಟಲೆ ಕೈಬೆರಳು ಬಿಗಿದಿರುವುದು, ಕಾರಣವಿಲ್ಲದೆ ತೂಕ ಇಳಿಯುವುದು, ಸಂಜೆ ಸಂಜೆ ಜ್ವರ, ಇವುಗಳಲ್ಲಿ ಯಾವುದು ಕಂಡರೂ ಮೂರು ತಿಂಗಳು ಕಾಯಬೇಡಿ, ಈ ವಾರವೇ ಹೋಗಿ ತೋರಿಸಿ.