ಸರ್ಕಾರಿ ವಿಶ್ವವಿದ್ಯಾಲಯದಲ್ಲಿ ಇಸ್ಲಾಂ ಧರ್ಮಶಾಸ್ತ್ರ: ಜರ್ಮನಿಯ ಲೆಕ್ಕ

ಇಸ್ಲಾಂ ಅಧ್ಯಯನ ಬೇರೆ, ಇಸ್ಲಾಂ ಧರ್ಮಶಾಸ್ತ್ರ ಬೇರೆ. ಮೊದಲನೆಯದು ಹೊರಗೆ ನಿಂತು ನೋಡುವುದು. ಪಾಠ ಮಾಡುವವರು ಯಾವ ಧರ್ಮದವರಾದರೂ ಸರಿ. ಎರಡನೆಯದು ನಂಬಿಕೆಯ ಒಳಗೇ ಇದ್ದು ವಿಚಾರ ಮಾಡುವುದು. ಕಾನೂನಿನ ತಕರಾರೆಲ್ಲ ಎರಡನೆಯದಕ್ಕೆ.

ಜರ್ಮನಿಯ 1949ರ ಸಂವಿಧಾನದ 140ನೇ ವಿಧಿ, ಅದಕ್ಕೂ ಹಿಂದಿನ 1919ರ ಜರ್ಮನ್ ಸಂವಿಧಾನದ (ವೈಮಾರ್ ಸಂವಿಧಾನ) ಕೆಲವು ವಿಧಿಗಳನ್ನು ಹಾಗೇ ಉಳಿಸಿಕೊಂಡಿದೆ. ಸರ್ಕಾರಕ್ಕೆ ತನ್ನದೇ ಚರ್ಚ್ ಇಲ್ಲ. ಧಾರ್ಮಿಕ ಸಮುದಾಯಗಳು ತಮ್ಮ ವ್ಯವಹಾರ ತಾವೇ ನೋಡಿಕೊಳ್ಳುತ್ತವೆ. 7ನೇ ವಿಧಿಯ ಪ್ರಕಾರ ಸರ್ಕಾರಿ ಶಾಲೆಯಲ್ಲಿ ಧರ್ಮದ ಪಾಠ ಮಾಮೂಲಿ ವಿಷಯ. ಪಾಠಕ್ಕೆ ಮೇಷ್ಟ್ರು ಬೇಕು, ಮೇಷ್ಟ್ರಿಗೆ ಡಿಗ್ರಿ ಬೇಕು, ಅಲ್ವಾ?

ನಾನು ಸಿಕ್ಕಿಹಾಕಿಕೊಂಡದ್ದು ಇಲ್ಲಿ. ಧರ್ಮಶಾಸ್ತ್ರದ ಪ್ರಾಧ್ಯಾಪಕರನ್ನು ನೇಮಿಸಲು ಸಮುದಾಯದ ಒಪ್ಪಿಗೆ ಬೇಕು. ಸಂಬಳ ಸರ್ಕಾರದ್ದು, ಒಪ್ಪಿಗೆ ಇನ್ನೊಬ್ಬರದ್ದು! ಪೂರ್ತಿ ಸರ್ಕಾರಿ ಹಣದ ಸಂಸ್ಥೆಯಲ್ಲಿ ಧರ್ಮಬೋಧನೆ ಬೇಡ ಅನ್ನುವ ನಮ್ಮ 28ನೇ ವಿಧಿ ತಲೆಯಲ್ಲಿತ್ತು. ಹಾಗಾಗಿ ಎಲ್ಲವೂ ತಲೆಕೆಳಗಾಗಿ ಕಂಡಿತು. ಎರಡು ದಿನ ಒದ್ದಾಡಿದ ಮೇಲೆ ಹೊಳೆಯಿತು: ಸರ್ಕಾರ ಯಾವ ಧರ್ಮದ ಕಡೆಗೂ ವಾಲಬಾರದು, ಅದಕ್ಕೇ ಒಪ್ಪಿಗೆ ಕೇಳುತ್ತದೆ. 'ಇದು ಸರಿಯಾದ ಇಸ್ಲಾಂ, ಅದಲ್ಲ' ಅಂತ ಅಧಿಕಾರಿ ಹೇಳುವ ಹಾಗಿಲ್ಲ. ಆ ಒಂದು ಪ್ರಶ್ನೆ ಮಾತ್ರ ಸಮುದಾಯಕ್ಕೆ ಹೋಗುತ್ತದೆ. ಪರೀಕ್ಷೆ, ಪದವಿ ವಿಶ್ವವಿದ್ಯಾಲಯದ ಕೈಯಲ್ಲೇ. ಪುಟದ ಅಂಚಿನಲ್ಲಿ ಹೀಗೆ ಬರೆದುಕೊಂಡೆ: 'ಓದಿಕೊಂಡವರಾ?' ವಿಶ್ವವಿದ್ಯಾಲಯ ಕೇಳಲಿ. 'ನಮ್ಮ ನಂಬಿಕೆಯವರಾ?' ಸಮುದಾಯ ಕೇಳಲಿ.

ಕ್ಯಾಥೊಲಿಕರಾದರೆ ಬಿಷಪ್ ಇದ್ದಾರೆ. ಇಸ್ಲಾಮಿನಲ್ಲಿ ಚರ್ಚಿನಂಥ ಏರ್ಪಾಟೇ ಇಲ್ಲ, ಯಾರನ್ನು ಕೇಳುವುದು? 2010ರಲ್ಲಿ, ಉನ್ನತ ಶಿಕ್ಷಣದ ಬಗ್ಗೆ ಸರ್ಕಾರಗಳಿಗೆ ಸಲಹೆ ಕೊಡುವ ಅಲ್ಲಿನ ವಿಜ್ಞಾನ ಪರಿಷತ್ತು ದಾರಿ ಸೂಚಿಸಿತು: ವಿಶ್ವವಿದ್ಯಾಲಯದಲ್ಲಿ ಮುಸ್ಲಿಂ ಸಂಘಟನೆಗಳವರೂ ಇರುವ ಸಲಹಾ ಮಂಡಳಿ. 2011ರಿಂದ ಕೇಂದ್ರ ಸರ್ಕಾರದ ಹಣ ಬಂತು. ಟ್ಯೂಬಿಂಗನ್, ಮ್ಯೂನ್‌ಸ್ಟರ್, ಓಸ್ನಾಬ್ರ್ಯುಕ್, ಫ್ರಾಂಕ್‌ಫರ್ಟ್, ಎರ್ಲಾಂಗನ್ ಮುಂತಾದ ಕಡೆ ಇಸ್ಲಾಂ ಧರ್ಮಶಾಸ್ತ್ರದ ಕೇಂದ್ರಗಳು ಶುರುವಾದವು.

ನೇಮಕವಾದ ಮೇಲೆ ಪ್ರಾಧ್ಯಾಪಕರಿಗೂ ಸಮುದಾಯದ ನಂಬಿಕೆಗೂ ಹೊಂದದೆ ಹೋದರೆ? ನೆನಪಿಗೆ ಎರಡು ಪ್ರಕರಣ ಸಾಕು. ಗ್ಯೋಟಿಂಗನ್‌ನ ಗೆರ್ಡ್ ಲ್ಯೂಡೆಮನ್ ಪ್ರೊಟೆಸ್ಟಂಟ್ ವಿಭಾಗದಲ್ಲಿ ಬೈಬಲಿನ ಎರಡನೇ ಭಾಗವಾದ ಹೊಸ ಒಡಂಬಡಿಕೆ ಕಲಿಸುತ್ತಿದ್ದವರು. ನನಗೆ ನಂಬಿಕೆ ಉಳಿದಿಲ್ಲ ಅಂತ ಬಹಿರಂಗವಾಗಿ ಹೇಳಿದರು. ಕೆಲಸ ಹೋಗಲಿಲ್ಲ, ಕಲಿಸುವ ವಿಷಯ ಬದಲಾಯಿತು. 2008ರಲ್ಲಿ ಸಂವಿಧಾನ ನ್ಯಾಯಾಲಯ ಅದನ್ನು ಸರಿ ಎಂದಿತು. ಅದೇ ವರ್ಷ ಮ್ಯೂನ್‌ಸ್ಟರ್‌ನಲ್ಲಿ ಇಸ್ಲಾಂ ಕಲಿಸುತ್ತಿದ್ದ ಪ್ರಾಧ್ಯಾಪಕ ಮುಹಮ್ಮದ್ ಸ್ವೆನ್ ಕಾಲಿಷ್, ಪ್ರವಾದಿ ಮುಹಮ್ಮದರು ಚರಿತ್ರೆಯಲ್ಲಿ ನಿಜವಾಗಿ ಇದ್ದರೇ ಎಂದು ಅನುಮಾನಪಟ್ಟರು. ಮುಸ್ಲಿಂ ಸಂಘಟನೆಗಳು ಕೈಬಿಟ್ಟವು. ಅವರೂ ಪ್ರಾಧ್ಯಾಪಕರಾಗಿಯೇ ಉಳಿದರು, ಆದರೆ ಇಸ್ಲಾಂ ಶಿಕ್ಷಕರನ್ನು ತಯಾರು ಮಾಡುವ ಕೆಲಸ ಮಾತ್ರ ಅವರಿಂದ ಹೋಯಿತು.